ಗಿರಣಿ ನಿಲ್ಲಿಸಿ ಕೇಳಿದ ಮಾತು

ಹೊನ್ನಾಳಿಯ ನಮ್ಮ ಮನೆಯಲ್ಲಿ ಮೆಲ್ಲಗೆ ಮಾತನಾಡಲು ಯಾರಿಗೂ ಬರುತ್ತಿರಲಿಲ್ಲ. ಮನೆಯ ಮುಂಭಾಗ ಹಿಟ್ಟಿನ ಗಿರಣಿ, ಹಿಂಭಾಗ ನಾವು. ನಡುವೆ ಒಂದು ಗೋಡೆ, ಆ ಗೋಡೆಗೊಂದು ಬಾಗಿಲು. ಆ ಬಾಗಿಲು ಹಾಕಿದ್ದನ್ನು ನಾನಂತೂ ನೋಡಿಲ್ಲ. ಬೆಳಗ್ಗೆ ಎಂಟಕ್ಕೆ ದೊಡ್ಡಪ್ಪ ಮೋಟಾರು ಶುರು ಮಾಡಿದರೆ ಗಡಿಯಾರದ ಗಾಜಿನಿಂದ ಹಿಡಿದು ಅಡುಗೆಮನೆಯ ತಟ್ಟೆಗಳವರೆಗೆ ಎಲ್ಲವೂ ನಡುಗುತ್ತಿದ್ದವು. ಉಪ್ಪು ಬೇಕು ಅನ್ನುವುದನ್ನೂ ಕಿರುಚಿಯೇ ಹೇಳಬೇಕು. ನನ್ನ ಅವ್ವ ಬಸಿರಾದ ಸುದ್ದಿಯನ್ನು ಅಜ್ಜಿ ಅಪ್ಪನಿಗೆ ಕಿರುಚಿ ಹೇಳಿದ್ದಳಂತೆ, ಹಿಟ್ಟು ಹಾಕಿಸಲು ಸಾಲಿನಲ್ಲಿ ಕೂತಿದ್ದ ಹೆಂಗಸರೆಲ್ಲ ಅಪ್ಪನಿಗಿಂತ ಮೊದಲೇ ನಕ್ಕಿದ್ದರಂತೆ. ಗುಟ್ಟು ಎಂಬ ಪದಾರ್ಥವೇ ನಮ್ಮ ಮನೆಯಲ್ಲಿ ಇರಲಿಲ್ಲ. ಮುಖ್ಯವಾದ ಮಾತುಗಳನ್ನೆಲ್ಲ ಕರೆಂಟು ಹೋಗುವವರೆಗೆ ಕಾಯ್ದಿಟ್ಟುಕೊಳ್ಳುತ್ತಿದ್ದರು. ಜಗಳಗಳನ್ನೂ ಹಾಗೆಯೇ. ಬೆಳಗ್ಗೆ ರೊಟ್ಟಿ ಬಡಿಯುವಾಗ ಅವ್ವನಿಗೂ ದೊಡ್ಡವ್ವನಿಗೂ ಮುಖ ಗಂಟಾಗಿದ್ದರೆ, ಹನ್ನೊಂದು ಗಂಟೆಗೆ ಕರೆಂಟು ಹೋಗಿ ಬೆಲ್ಟು ನಿಂತ ತಕ್ಷಣ ಇಬ್ಬರೂ ಶುರು ಮಾಡುತ್ತಿದ್ದರು. ಕರೆಂಟು ಬಂದರೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಕೆಲವು ಜಗಳಗಳು ಹೀಗೆ ಕಂತಿನಲ್ಲಿ ವಾರಗಟ್ಟಲೆ ನಡೆದದ್ದುಂಟು.

ನಾವು ಉಣ್ಣುತ್ತಿದ್ದ ರೊಟ್ಟಿಗೂ ಇಂಥದೇ ಎಂಬ ಜಾತಿ ಇರಲಿಲ್ಲ. ಒಬ್ಬರ ಜೋಳ ಮುಗಿದು ಇನ್ನೊಬ್ಬರ ರಾಗಿ ಸುರಿಯುವ ನಡುವೆ ಕಲ್ಲಿನೊಳಗೆ ಒಂದಿಷ್ಟು ಹಿಟ್ಟು ಉಳಿಯುತ್ತದೆ. ಅದನ್ನು ಅಪ್ಪ ಒಂದು ತಗಡಿನ ಡಬ್ಬಿಗೆ ಬಳಿದಿಡುತ್ತಿದ್ದ. ಸಂಜೆ ಆ ಬೆರಕೆ ಹಿಟ್ಟು ಒಳಗೆ ಬರುತ್ತಿತ್ತು. ಮದುವೆ ಸೀಸನ್ನಿನಲ್ಲಿ ಕಡಲೆಹಿಟ್ಟು ಹೆಚ್ಚಾಗಿ ರೊಟ್ಟಿ ಹಳದಿ, ಶ್ರಾವಣದಲ್ಲಿ ಅಕ್ಕಿ ಹೆಚ್ಚಾಗಿ ಬಿಳಿ. ಶಾಲೆಯಲ್ಲಿ ಬುತ್ತಿ ಬಿಚ್ಚಿದರೆ "ಇದು ಏನು ರೊಟ್ಟಿ?" ಎಂದು ಕೇಳುತ್ತಿದ್ದರು. ನನಗೆ ಹೇಳಲು ಬರುತ್ತಿರಲಿಲ್ಲ. ಆ ವಯಸ್ಸಿನಲ್ಲಿ ನನಗೆ ಬಾರದ ಉತ್ತರಗಳ ಪಟ್ಟಿ ದೊಡ್ಡದಿತ್ತು. ಐದನೇ ಕ್ಲಾಸಿನಲ್ಲಿ ಒಂದು ವರ್ಷ ನಪಾಸಾಗಿ ಕೂತವಳು ನಾನು. ಅಜ್ಜಿ ನನ್ನನ್ನು ಮಂಕು ಎಂದೇ ಕರೆಯುತ್ತಿದ್ದಳು. ಅದು ಬೈಗುಳವಲ್ಲ, ಹೆಸರು. "ಮಂಕೂ, ಜರಡಿ ತಗಂಬಾ" ಎಂದರೆ ನಾನು ಎದ್ದು ಹೋಗುತ್ತಿದ್ದೆ. ನನ್ನ ನಿಜವಾದ ಹೆಸರು ಲೀಲಾ ಎಂದು ನೆನಪಿಟ್ಟುಕೊಂಡಿದ್ದವಳು ರತ್ನಕ್ಕ ಒಬ್ಬಳೇ.

ರತ್ನಕ್ಕ ದೊಡ್ಡಪ್ಪನ ಒಬ್ಬಳೇ ಮಗಳು. ನನಗಿಂತ ಆರು ವರ್ಷ ದೊಡ್ಡವಳು. ಹಿಟ್ಟು ಜರಡಿ ಹಿಡಿಯುವುದು ನಮ್ಮಿಬ್ಬರ ಪಾಲಿನ ಕೆಲಸ. ಒಳಕೋಣೆಯಲ್ಲಿ ಹಳೆಯ ಸೀರೆ ಹಾಸಿಕೊಂಡು ಎದುರುಬದುರು ಕೂರುತ್ತಿದ್ದೆವು. ಅವಳು ಜರಡಿ ಆಡಿಸುತ್ತಲೇ ಸೀರೆಯ ಮೇಲೆ ಬಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತಿದ್ದಳು, ಯಾರಾದರೂ ಬಂದರೆ ಅಂಗೈಯಿಂದ ಸವರಿಬಿಡುತ್ತಿದ್ದಳು. ಹಾಗೆ ಬರೆದೂ ಅಳಿಸಿಯೂ ಹುಟ್ಟಿದ್ದು ನಮ್ಮ ಭಾಷೆ. ಮಕ್ಕಳೆಲ್ಲ ಆಡುವ 'ಕ' ಭಾಷೆಯ ಥರ ಪ್ರತಿ ಅಕ್ಷರಕ್ಕೂ ಒಂದು ಬಾಲ ಅಂಟಿಸಿ ಮುಗಿಸುವ ಆಟ ಅವಳಿಗೆ ಸಾಲಲಿಲ್ಲ. "ಅದನ್ನ ಎರಡು ದಿನದಾಗೆ ಯಾರು ಬೇಕಾದ್ರೂ ಹಿಡೀತಾರೆ. ನಮ್ಮದು ಬೇರೇನೇ ಇರಬೇಕು, ಬೇರಿನಿಂದ" ಎಂದಳು. ಮೊದಲು ಧಾತುಗಳನ್ನು ಮಾಡಿದಳು. ತಿಸ್ ಎಂದರೆ ಹೋಗು. ಬೊಣ್ ಎಂದರೆ ತಿನ್ನು. ಹಿರ್ ಎಂದರೆ ಹೇಳು. ಲೂಕ್ ಎಂದರೆ ಇಳಿ. ಊರುಗಳಿಗೂ ನಮ್ಮದೇ ಹೆಸರು: ಹೊನ್ನಾಳಿ ಧೂ, ನ್ಯಾಮತಿ ಗೂಮೆ, ಶಿವಮೊಗ್ಗ ಲಾವಿ.

ಆಮೇಲೆ ಪ್ರತ್ಯಯಗಳು. ಅಲ್ಲಿ ಅವಳಿಗೆ ನಿಜವಾಗಿ ಹುಚ್ಚು ಹಿಡಿಯಿತು. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಎಲ್ಲರೂ ಹೆದರುತ್ತಿದ್ದ ಕೃದಂತಾವ್ಯಯದ ಪಾಠವನ್ನು ಅವಳು ಕತೆಯ ಹಾಗೆ ಓದುತ್ತಿದ್ದಳು. ಮಾಡಿ, ಮಾಡುತ್ತ, ಮಾಡದೆ, ಮಾಡಿದರೆ. ಕೆಲಸ ನಡೆದಿದೆ, ಆದರೆ ಮಾತು ಮುಗಿದಿಲ್ಲ. ಅವಳಿಗೆ ಇಷ್ಟವಾದದ್ದು ಅದೇ.

"ಕ್ರಿಯಾಪದ ಬಂತು ಅಂದ್ರೆ ಮಾತು ಮುಗೀತು ಲೀಲಿ. ನಮ್ಮ ಮನೆಯಾಗೆ ಎಲ್ಲಾರೂ ಬರೀ ಮುಗಿಸೋ ಮಾತೇ ಆಡ್ತಾರೆ. ಬಾ, ಹೋಗು, ಕೂರು, ಸಾಕು. ನಮಗೆ ಮುಗೀದೇ ಇರೋವು ಜಾಸ್ತಿ ಬೇಕು."

ಹಾಗಾಗಿ ನಮ್ಮ ಭಾಷೆಯಲ್ಲಿ ಅರ್ಧ ಕ್ರಿಯೆಗಳದೇ ದರ್ಬಾರು. ಧಾತುವಿಗೆ ಪು ಹಚ್ಚಿದರೆ 'ಮಾಡಿ', ಪುಲು ಹಚ್ಚಿದರೆ 'ಮಾಡುತ್ತ', ಝ ಹಚ್ಚಿದರೆ 'ಮಾಡದೆ'. ಪೂರ್ತಿ ಮುಗಿಸಬೇಕಾದಾಗ ಮಾತ್ರ ಟಾ. ಅವನು ಅವಳು ಎಂದು ಕ್ರಿಯಾಪದದ ಬಾಲದಲ್ಲಿ ತೋರಿಸುವುದನ್ನು ಅವಳು ಕಿತ್ತೇ ಹಾಕಿದಳು. "ಬಂದನೋ ಬಂದಳೋ ತಗಂಡು ಏನು ಮಾಡಾಕೆ? ಬಂದ್ರೆ ಆತು" ಎಂದಳು. ಕನ್ನಡದಲ್ಲಿ ಇಲ್ಲದ ಪ್ರತ್ಯಯವೊಂದನ್ನೂ ಅವಳೇ ತಂದಳು: ಮೊ. ಅದರ ಅರ್ಥ 'ಯಾರಿಗೂ ಗೊತ್ತಾಗದಂತೆ ಮಾಡಿ'. ಬೊಣ್ಮೊ ಎಂದರೆ ಯಾರಿಗೂ ಗೊತ್ತಾಗದಂತೆ ತಿಂದು. ಎಲ್ಲವೂ ಎಲ್ಲರಿಗೂ ಗೊತ್ತಾಗುವ ಆ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಇಂಥದೊಂದು ಪ್ರತ್ಯಯ ಬೇಕಾಯಿತು ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಎಷ್ಟೋ ವರ್ಷಗಳ ನಂತರ. ಆಗ ನಮಗೆ ಅದು ಬೆಲ್ಲ ಕದ್ದು ತಿನ್ನುವುದಕ್ಕೆ ಉಪಯೋಗವಾಗುತ್ತಿತ್ತು. ಭಾಷೆಗೆ ಪುಮೊ ಎಂದು ಹೆಸರಿಟ್ಟವಳು ನಾನು. ಆ ಇಡೀ ಭಾಷೆಯಲ್ಲಿ ನನ್ನ ಸ್ವಂತದ್ದು ಎಂದು ಇದ್ದದ್ದು ಆ ಹೆಸರೊಂದೇ. ಆದರೆ ಒಂದು ವರ್ಷದಲ್ಲಿ ನಾನು ಅದನ್ನು ಅವಳಷ್ಟೇ ಚೆನ್ನಾಗಿ ಆಡುತ್ತಿದ್ದೆ. ಮಗ್ಗಿ ಬಾರದ ನನಗೆ ಪುಮೊದ ಹನ್ನೆರಡು ಪ್ರತ್ಯಯಗಳೂ ನಾಲಗೆ ತುದಿಯಲ್ಲಿದ್ದವು. ಕೆಲವೊಮ್ಮೆ ಅವಳು ತಪ್ಪು ಮಾಡಿದರೆ ನಾನು ತಿದ್ದುತ್ತಿದ್ದೆ. ಅವಳು ಹಣೆ ಚಚ್ಚಿಕೊಂಡು ನಗುತ್ತಿದ್ದಳು. ನನ್ನನ್ನು ಬುದ್ಧಿವಂತೆ ಎಂದು ನಂಬಿದ್ದ ಒಂದೇ ಜೀವ ಅದು. ಇದನ್ನು ಇಲ್ಲಿ ಬರೆದಿಡದೆ ಮುಂದಕ್ಕೆ ಹೋದರೆ ನಾನು ಮಾಡಿದ್ದರ ಅಳತೆ ತಿಳಿಯುವುದಿಲ್ಲ.

ಪಿಯುಸಿ ಮುಗಿದ ಮೇಲೆ ರತ್ನಕ್ಕ ಮನೆಯಲ್ಲಿ ಉಳಿದಳು. ಓದು ಇಷ್ಟು ಸಾಕು ಎಂದು ದೊಡ್ಡಪ್ಪ ಒಂದು ಸಲ ಕರೆಂಟು ಹೋದಾಗ ಹೇಳಿದ್ದರು, ಎರಡನೇ ಸಲ ಹೇಳುವ ಅಭ್ಯಾಸ ಅವರಿಗೆ ಇರಲಿಲ್ಲ. ಜಗಳೂರು ಕಡೆಯ ಬಿಳಿಚೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆಯಿಂದ ಸಂಬಂಧ ಕೇಳಿಕೊಂಡು ಬಂದಿದ್ದರು. ದೊಡ್ಡಪ್ಪ ಬೇಡ ಅಂದಿರಲಿಲ್ಲ, ಹೂಂ ಅಂದಿರಲಿಲ್ಲ. ಆ ದಿನಗಳಲ್ಲಿ ರತ್ನಕ್ಕ ಹಿಟ್ಟಿನಲ್ಲಿ ಬರೆಯುವುದನ್ನು ಬಿಟ್ಟು ಎರಡು ಗೆರೆಯ ಕಾಪಿ ಪುಸ್ತಕವೊಂದರಲ್ಲಿ ಬರೆಯಲು ಶುರು ಮಾಡಿದಳು. ಪುಮೊದಲ್ಲೇ ಬರೆಯುತ್ತಿದ್ದಳು, ಆದರೆ ಕನ್ನಡ ಅಕ್ಷರಗಳಲ್ಲಿ. ಯಾರು ಬೇಕಾದರೂ ಓದಬಹುದು, ಒಬ್ಬರಿಗೂ ತಿಳಿಯುವುದಿಲ್ಲ. ನನಗೂ ತೋರಿಸುತ್ತಿರಲಿಲ್ಲ. ಕೇಳಿದರೆ "ಆಮೇಲೆ, ಆಮೇಲೆ" ಎನ್ನುತ್ತಿದ್ದಳು. ನನಗೆ ಅದು ಚುಚ್ಚಿತ್ತು. ನಾನು ಕಲಿತ ಭಾಷೆಯಲ್ಲಿ ನನಗೆ ಹೇಳದ ಮಾತು ಏನಿದೆ ಎಂದು ಹೊಟ್ಟೆ ಉರಿಯುತ್ತಿತ್ತು.

ಆ ಪುಸ್ತಕ ಸಿಕ್ಕಿದ್ದು ಅಜ್ಜಿಗೆ. ರತ್ನಕ್ಕ ಅದನ್ನು ಹರಿದ ಜರಡಿಗಳನ್ನು ತುಂಬಿಡುವ ಪೆಟ್ಟಿಗೆಯಲ್ಲಿ ಇಟ್ಟಿದ್ದಳಂತೆ. ಅವತ್ತು ಬೆಳಗ್ಗೆ ರತ್ನಕ್ಕ ರವಿಕೆಯ ಅಳತೆ ಕೊಡಲು ದರ್ಜಿಯ ಅಂಗಡಿಗೆ ಹೋಗಿದ್ದಳು. ಅಜ್ಜಿಗೆ ಓದು ಬರದು. ಪುಸ್ತಕ ತಂದು ದೊಡ್ಡಪ್ಪನ ಕೈಗೆ ಕೊಟ್ಟಳು. ದೊಡ್ಡಪ್ಪ ಗಿರಣಿಯ ಸದ್ದಿನ ಮೇಲೆ ಕೇಳಿಸುವ ಹಾಗೆ ಗಂಟಲು ಎತ್ತಿ ಓದಿದರು: "ಗೂಮೆ ಹಿರ್ಪು! ಗೂಮೆ ಲೂಕ್‌ಝ! ಏನಲೇ ಇದು?" ಹಿಟ್ಟು ಹಾಕಿಸಲು ಬಂದಿದ್ದ ಹೆಂಗಸೊಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡಳು. ಅಜ್ಜಿಯ ಮುಖ ಬಿಳಿಚಿತು.

"ಇದು ಮಾಟದ್ದು. ಮಂತ್ರ ಬರದಾರೆ. ಮನೆಯಾಗೆ ಇಟ್ಕಬಾರದು, ಹೊಳಿಗೆ ಹಾಕ್ರಿ."

"ಮಾಟ ಎಲ್ಲಿಂದು. ಅಕ್ಷರ ರತ್ನಂದು" ಎಂದರು ದೊಡ್ಡಪ್ಪ. "ಯಾವನಿಗೋ ಕಾಗದ ಬರ್ದಾಳೆ, ಯಾರಿಗೂ ತಿಳೀಬಾರದು ಅಂತ ಹಿಂಗೆ ಬರ್ದಾಳೆ."

ದೊಡ್ಡವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಹುಡುಗರ ಆಟ ಕಣ್ರಿ ಅದು. ಇಬ್ಬರೂ ಕೂತ್ಕಂಡು ಏನೇನೋ ಒದರ್ತಿರ್ತಾರೆ. ಬಿಡ್ರಿ" ಎಂದಳು. ಆಗ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಗಿಲ ಹತ್ತಿರ ಜರಡಿ ಹಿಡಿದು ನಿಂತಿದ್ದೆ. ದೊಡ್ಡವ್ವ ನನಗೆ ಕಣ್ಣಲ್ಲೇ ಹೇಳಿದಳು, ಹೌದು ಅನ್ನು, ಆಟ ಅನ್ನು. ನನಗೆ ಅದು ಚೆನ್ನಾಗಿ ತಿಳಿಯಿತು. ಮಂಕಾಗಿದ್ದರೂ ಅಷ್ಟು ತಿಳಿಯದವಳಲ್ಲ.

"ಆಟ ಅಲ್ಲ ದೊಡ್ಡವ್ವ" ಎಂದೆ. "ಅದು ಭಾಷೆ. ನಂಗೆ ಪೂರ್ತಿ ಬರ್ತೈತೆ."

ದೊಡ್ಡಪ್ಪ ನನ್ನನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿದರು. ನಾನು ಏನು ಹೇಳಿದೆ ಎಂದು ಸರಿಯಾಗಿ ಕೇಳಿಸಿರಲಿಲ್ಲ. ಇನ್ನೊಮ್ಮೆ ಕೂಗಿ ಹೇಳಿದೆ. ಆಗ ಅವರು ಅಪ್ಪನ ಕಡೆ ಕೈ ಎತ್ತಿ, ಗಿರಣಿ ನಿಲ್ಲಿಸು ಎಂದು ಸನ್ನೆ ಮಾಡಿದರು. ನಮ್ಮ ಗಿರಣಿ ಕರೆಂಟು ಹೋಗದೆ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೀಗರು ಬಂದರೂ ನಿಲ್ಲುತ್ತಿರಲಿಲ್ಲ, ಅಪ್ಪನ ಕೈ ಬೆಲ್ಟಿಗೆ ಸಿಕ್ಕು ಉಗುರು ಕಿತ್ತುಹೋದ ದಿನವೂ ಕಾಳು ಮುಗಿಯುವವರೆಗೆ ಓಡಿತ್ತು. ಅವತ್ತು ಸಾಲಿನಲ್ಲಿ ಎಂಟು ಡಬ್ಬಿ ಕಾಯುತ್ತಿರುವಾಗ, ನಡುಬೆಳಗಿನಲ್ಲಿ, ನನ್ನ ಮಾತು ಕೇಳುವುದಕ್ಕಾಗಿ ಗಿರಣಿ ನಿಂತಿತು. "ಸ್ವಲ್ಪ ಹೊರಗೆ ಕಟ್ಟೆ ಮೇಲೆ ಕೂತಿರ್ರಿ" ಎಂದು ಹೆಂಗಸರನ್ನು ಕಳಿಸಿ, ದೊಡ್ಡಪ್ಪ ತಾವು ಕೂರುವ ಸ್ಟೂಲನ್ನು ಕೈಯಿಂದ ಒರೆಸಿ ನನ್ನನ್ನು ಕೂರಿಸಿದರು. ನನ್ನ ಮುಖ ಬೀದಿಯ ಕಡೆ. ದೊಡ್ಡಪ್ಪ, ಅಜ್ಜಿ, ದೊಡ್ಡವ್ವ, ಅಪ್ಪ, ಅವ್ವ ಬೀದಿಗೆ ಬೆನ್ನು ಮಾಡಿ ನನ್ನೆದುರು ನಿಂತರು. ಆ ಮೌನದಲ್ಲಿ ನನ್ನ ದನಿ ನನಗೇ ಕೇಳಿಸಿತು, ಚೆನ್ನಾಗಿದೆ ಅನಿಸಿತು.

ಈಗಲೂ ನನ್ನನ್ನು ಸುಡುವ ಸಂಗತಿಯನ್ನು ಹೇಳುತ್ತೇನೆ. ಆ ಭಾಷೆ ಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬಳು ದರ್ಜಿಯ ಅಂಗಡಿಯಲ್ಲಿದ್ದಳು. ಇನ್ನೊಬ್ಬಳು ನಾನು. ನಾನು ಆ ಪುಸ್ತಕದಲ್ಲಿ ಏನು ಬರೆದಿದೆ ಎಂದು ಹೇಳಿದರೂ ಅದೇ ನಿಜವಾಗುತ್ತಿತ್ತು. ರಾಗಿ ಮುದ್ದೆ ಮಾಡುವ ವಿಧಾನ ಎನ್ನಬಹುದಿತ್ತು. ದೇವರ ಹಾಡು ಎಂದಿದ್ದರೆ ಅಜ್ಜಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಹಿಡಿಯುವವರು, ತಿದ್ದುವವರು ಯಾರೂ ಇರಲಿಲ್ಲ. ಪಾಠ ಒಪ್ಪಿಸುವಾಗ ಸಾವಿರ ತಪ್ಪು ಮಾಡುತ್ತಿದ್ದ ನಾನು ಅವತ್ತು ಒಂದೂ ತಪ್ಪು ಮಾಡಲಿಲ್ಲ. ಮೊದಲು ಪುಮೊದಲ್ಲಿ ಓದುವುದು, ಆಮೇಲೆ ಕನ್ನಡದಲ್ಲಿ ಅರ್ಥ ಹೇಳುವುದು, ಮೇಷ್ಟರ ಹಾಗೆ ಬೆರಳೆತ್ತಿ ಪ್ರತ್ಯಯ ಬಿಡಿಸಿ ತೋರಿಸುವುದು. ಮೊದಲ ಪುಟಗಳಲ್ಲಿ ಏನೂ ಇರಲಿಲ್ಲ. ಮಳೆ, ಜ್ವರ, ತನ್ನ ಅವ್ವನ ಮೇಲಿನ ಸಿಟ್ಟು. ದೊಡ್ಡವ್ವನ ಉಸಿರು ಸಡಿಲವಾಯಿತು. ಅಜ್ಜಿ "ಅಯ್ಯ, ಹುಡುಗಿ ಎಷ್ಟು ಚೆಂದ ಹೇಳ್ತಾಳೆ ನೋಡು" ಎಂದಳು. ಮಂಕು ಎನ್ನಲಿಲ್ಲ. ಅಲ್ಲಿಗೇ ಸಾಕಾಗಿತ್ತು. ನಾನು ಪುಟ ತಿರುವಿದೆ.

ಆ ಪುಟದಲ್ಲಿ ಒಂದೇ ವಾಕ್ಯ, ಉದ್ದಕ್ಕೆ. ರತ್ನಕ್ಕ ತನಗೆ ಇಷ್ಟವಾದ ಅರ್ಧ ಕ್ರಿಯೆಗಳನ್ನು ಒಂದರ ಹಿಂದೆ ಒಂದು ಪೋಣಿಸಿದ್ದಳು. ನಾನು ಬಿಡಿಸುತ್ತಾ ಹೋದೆ.

"ಬರೋ ವಾರ ಕಳೆದು ಸೋಮವಾರ, ನ್ಯಾಮತಿ ಅತ್ತೆ ಮನೆಗೆ ಅಂತ ಹೇಳಿ, ಬಸ್ಸು ಹತ್ತಿ, ನ್ಯಾಮತಿಯಾಗೆ ಇಳೀದೇ..."

ಅಲ್ಲಿಗೆ ಪುಟ ಮುಗಿದಿತ್ತು. ನಾನು ತಲೆ ಎತ್ತಿದೆ. ಬೀದಿ ಬಾಗಿಲಲ್ಲಿ ರತ್ನಕ್ಕ ನಿಂತಿದ್ದಳು. ಕೈಯಲ್ಲಿ ದರ್ಜಿಯ ಅಂಗಡಿಯ ಪೊಟ್ಟಣ. ಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದರಿಂದ ಮುಖ ಕಾಣುತ್ತಿರಲಿಲ್ಲ, ಆದರೆ ಅವಳ ಜಡೆ, ಅವಳು ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ರೀತಿ ನನಗೆ ಗೊತ್ತಿಲ್ಲವೇ. ಗಿರಣಿಯ ಸದ್ದಿಲ್ಲದ್ದರಿಂದ ನನ್ನ ಮಾತೆಲ್ಲ ಬೀದಿಯವರೆಗೆ ಕೇಳಿಸಿತ್ತು. ಅವಳಿಗೆ ಕೇಳಿಸಿದೆ ಎಂಬುದೂ ನನಗೆ ಗೊತ್ತಾಯಿತು. ನನ್ನೆದುರು ನಿಂತವರು ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಇಳೀದೇ?" ಎಂದರು ದೊಡ್ಡಪ್ಪ. "ಇಳೀದೇ ಏನು? ಮುಂದೆ ಓದವ್ವ."

ಅವರು ನನ್ನನ್ನು 'ಅವ್ವ' ಎಂದು ಕರೆದದ್ದು ಅದೇ ಮೊದಲು. ನಾನು ಕಣ್ಣು ಕೆಳಗೆ ಮಾಡಿದೆ, ಪುಟ ತಿರುವಿದೆ, ಓದಿದೆ.

"ಲಾವಿ ತಿಸ್ಮೊ. ಲಾವಿ ಅಂದ್ರೆ ಶಿವಮೊಗ್ಗ ದೊಡ್ಡಪ್ಪ. ಯಾರಿಗೂ ಗೊತ್ತಾಗದಂಗೆ ಶಿವಮೊಗ್ಗಕ್ಕೆ ಹೋಗಿ. ಈ ಮೊ ಐತಲ್ಲ, ಇದು ಹಚ್ಚಿದ್ರೆ ಯಾರಿಗೂ ಗೊತ್ತಾಗದಂಗೆ ಅಂತ. ಕನ್ನಡದಾಗೆ ಇದು ಇಲ್ಲ. ಹೋಗಿ, ಟೀಚರ್ ಟ್ರೇನಿಂಗಿನ ಟಿ.ಸಿ.ಎಚ್. ಸಂದರ್ಶನಕ್ಕೆ ಕೂತು..."

ದೊಡ್ಡಪ್ಪ ಅಷ್ಟಕ್ಕೇ ತಿರುಗಿದ್ದರು. ಬಾಗಿಲಲ್ಲಿ ಮಗಳನ್ನು ಕಂಡರು. ಹೋಗಿ ಮೋಟಾರಿನ ಗುಂಡಿ ಒತ್ತಿದರು. ನಾನು ಮಾತ್ರ ಇನ್ನೂ ಓದುತ್ತಿದ್ದೆ; ವಾಕ್ಯ ಮುಗಿದಿರಲಿಲ್ಲವಲ್ಲ. ಕೊನೆಗೆ ಒಂದು ಟಾ ಇತ್ತು. "ಆಮೇಲೆ ಮನೆಗೆ ಬಂದು, ಎಲ್ಲಾ ಹೇಳಿ, ಅಪ್ಪಾಜಿ ಕಾಲು ಹಿಡೀತೀನಿ" ಎಂಬುದು ಆ ವಾಕ್ಯದ ಕೊನೆ. ಅದನ್ನು ನಾನು ಪೂರ್ತಿ ಓದಿದೆ. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ರತ್ನಕ್ಕನಿಗೆ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅವಳು ನೇರವಾಗಿ ಒಳಗೆ ಹೋಗಿ, ಪೊಟ್ಟಣ ಗೂಡಿನಲ್ಲಿ ಇಟ್ಟು, ಜರಡಿ ಹಿಡಿದು ಕೂತಳು. ದೊಡ್ಡಪ್ಪ ಅದೇ ಸೋಮವಾರಕ್ಕೇ ಬಿಳಿಚೋಡಿನವರಿಗೆ ಹೆಣ್ಣು ನೋಡಲು ಬನ್ನಿ ಎಂದು ಹೇಳಿ ಕಳಿಸಿದರು. ಶಿವಮೊಗ್ಗದಲ್ಲಿ ಸಂದರ್ಶನ ನಡೆಯುತ್ತಿದ್ದ ಹೊತ್ತಿನಲ್ಲಿ ಅವಳು ಅವಲಕ್ಕಿಯ ತಟ್ಟೆ ಹಿಡಿದು ಪಡಸಾಲೆಗೆ ಬಂದಳು, ಕೂತಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಆ ನಡುವಿನ ದಿನಗಳಲ್ಲಿ ಒಮ್ಮೆ ನಾನು ಧೈರ್ಯ ಮಾಡಿ ಅವಳೆದುರು ಕೂತು ಪುಮೊದಲ್ಲಿ ಏನೋ ಕೇಳಿದೆ. ಕ್ಷಮೆಗೆ ನಾವು ಪದ ಮಾಡಿರಲಿಲ್ಲ. ಬೆಲ್ಲ ತಿನ್ನುತ್ತೀಯಾ ಎಂದಷ್ಟೇ ಕೇಳಿದ್ದು. ಅವಳು ಜರಡಿ ನಿಲ್ಲಿಸದೆ ಹೇಳಿದಳು:

"ಏನು ಬೇಕು ಲೀಲಿ? ಕನ್ನಡದಾಗೆ ಹೇಳು."

ಸಿಟ್ಟಿನಿಂದ ಹೇಳಲಿಲ್ಲ. ಅಂಗಡಿಗೆ ಬಂದ ಗಿರಾಕಿಯನ್ನು ಕೇಳುವ ಹಾಗೆ ಕೇಳಿದಳು. ಆಮೇಲೆ ಆ ಭಾಷೆ ನನ್ನೊಬ್ಬಳ ಬಾಯಲ್ಲಿ ಉಳಿಯಿತು. ಒಬ್ಬಳೇ ಆಡುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

ನನಗೆ ಸಿಕ್ಕಿದ್ದೇನು ಎಂಬುದನ್ನೂ ಹೇಳಲೇಬೇಕು. ಬಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಅಜ್ಜಿ ನನ್ನನ್ನು ಮಂಕು ಎಂದು ಕರೆಯುವುದನ್ನು ಬಿಟ್ಟಳು. ದೊಡ್ಡಪ್ಪ ಗಿರಾಕಿಗಳ ಮುಂದೆ "ಈ ಹುಡುಗಿಗೆ ತಲೆ ಐತ್ರಿ. ಓದಿಸಿದ್ರೆ ಓದ್ತಾಳೆ" ಎಂದು ಕೂಗಿ ಹೇಳತೊಡಗಿದರು. ಹೇಳಿದ ಹಾಗೆ ಓದಿಸಿದರು. ನನಗೂ ಅವತ್ತಿನಿಂದ ಓದು ಹತ್ತಿತು. ಸಾಲಾಗಿ ನಿಂತು ಕೇಳುವವರ ಮುಖ ನೋಡಿದ ರುಚಿ ಅದು. ಏಳು ವರ್ಷದ ನಂತರ ನನ್ನನ್ನು ಟಿ.ಸಿ.ಎಚ್.ಗೆ ಸೇರಿಸಲು ಶಿವಮೊಗ್ಗಕ್ಕೆ ಕರೆದುಕೊಂಡು ಹೋದವರು ದೊಡ್ಡಪ್ಪನೇ. ನ್ಯಾಮತಿಯ ಮೇಲೆ ಹೋಗುವ ಬಸ್ಸು. ನ್ಯಾಮತಿಯಲ್ಲಿ ಬಸ್ಸು ನಿಂತಾಗ ಅವರು ಕಿಟಕಿಯಿಂದ ಕಡಲೆಕಾಯಿ ತೆಗೆದುಕೊಂಡು ನನ್ನ ಮಡಿಲಿಗೆ ಹಾಕಿದರು. ಆಗಲಾದರೂ ಹೇಳಬಹುದಿತ್ತು, ದೊಡ್ಡಪ್ಪ, ಆ ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ, ಅವಳು ತಿರುಗಿ ಬರುವವಳಿದ್ದಳು, ನಿಮ್ಮ ಕಾಲು ಹಿಡಿಯುವವಳಿದ್ದಳು ಎಂದು. ಅವರು ಎಂಬತ್ತು ದಾಟಿ ಬದುಕಿದ್ದರು. ಹೇಳಲು ನನಗೆ ಬೇಕಾದಷ್ಟು ವರ್ಷಗಳಿದ್ದವು. ನಾನು ಕಡಲೆಕಾಯಿ ತಿಂದೆ.

ಮೇಡಂ ಆಗಿ ನನಗೆ ಒಳ್ಳೆಯ ಹೆಸರಿದೆ. ಚನ್ನಗಿರಿ ತಾಲ್ಲೂಕಿನಲ್ಲೇ ಹೆಚ್ಚಿನ ಸರ್ವಿಸ್ಸು, ಈಗ ಕೆರೆಬಿಳಚಿ ಹತ್ತಿರದ ಶಾಲೆ. ವ್ಯಾಕರಣ ಎಂದರೆ ನನ್ನನ್ನೇ ಕರೆಯುತ್ತಾರೆ. ಮಕ್ಕಳಿಗೆ ಕೃದಂತಾವ್ಯಯ ಹೇಳಿಕೊಡುವ ನನ್ನ ರೀತಿಯನ್ನು ಬೇರೆ ಶಾಲೆಯವರು ಬಂದು ನೋಡಿಕೊಂಡು ಹೋಗಿದ್ದಾರೆ. ಮಾಡಿ, ಮಾಡುತ್ತ, ಮಾಡದೆ ಎಂದು ಬೋರ್ಡಿನ ಮೇಲೆ ಬರೆದು, ಕ್ರಿಯಾಪದ ಬರುವ ತನಕ ಮಾತು ಮುಗಿದಿಲ್ಲ ಮಕ್ಕಳೇ ಎನ್ನುತ್ತೇನೆ. ಅದು ರತ್ನಕ್ಕನ ಮಾತು. ನಾನು ಕಲಿಸುವ ಒಂದೊಂದೂ ಅವಳದು. ಮೆಚ್ಚಿದವರಿಗೆ ಥ್ಯಾಂಕ್ಸ್ ಹೇಳಿ ಸ್ಟಾಫ್ ರೂಮಿಗೆ ಹೋಗಿ ಕೂರುತ್ತೇನೆ.

ರತ್ನಕ್ಕನ ಬದುಕು ಹಾಳಾಯಿತು ಎಂದು ಹೇಳಿ ನಾನು ದೊಡ್ಡ ಪಾಪ ಹೊತ್ತವಳ ಹಾಗೆ ನಟಿಸಲಾರೆ. ಗಂಡ ಸಾಧು ಮನುಷ್ಯ. ಬಟ್ಟೆ ಅಂಗಡಿಯನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ, ಸುತ್ತಲ ಹಳ್ಳಿಯವರು ಮದುವೆ ಜವಳಿಗೆ ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ನನ್ನನ್ನು ಕಂಡರೆ ಮೊದಲಿನಷ್ಟೇ ಪ್ರೀತಿ. ಪ್ರತಿ ರಜೆಗೂ ಕರೆಯುತ್ತಾಳೆ, ತಿರುಗಿ ಹೋಗುವಾಗ ಬಸ್‌ಸ್ಟ್ಯಾಂಡಿನ ತನಕ ಬಂದು ಸೀಟು ಸಿಕ್ಕಿತೋ ಇಲ್ಲವೋ ನೋಡಿಯೇ ಹೋಗುತ್ತಾಳೆ. ಮೊಮ್ಮಕ್ಕಳಿಗೆ "ಇವರು ಟೀಚರ್ ಅಜ್ಜಿ, ಇವರ ಹತ್ರ ಕೇಳ್ರಿ" ಎಂದು ನನ್ನನ್ನು ಮುಂದೆ ಮಾಡುತ್ತಾಳೆ. ಆ ಪ್ರೀತಿ ನನಗೆ ಬಿಡಿಸಲಾಗದ ಲೆಕ್ಕವಾಗಿತ್ತು. ಅವಳು ನನ್ನನ್ನು ಹೇಗೆ ಕ್ಷಮಿಸಿದಳು? ಯಾವಾಗ? ನಾವಿಬ್ಬರೂ ಆ ಬೆಳಗಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಬಿಳಿಚೋಡಿಗೆ ಹೋದಾಗ, ಮಧ್ಯಾಹ್ನ ಅಂಗಡಿ ಮುಚ್ಚಿ ಅವಳು ಒಳಗೆ ರೊಟ್ಟಿ ಬಡಿಯುತ್ತ ಕೂತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಹೇಳಿಬಿಟ್ಟೆ.

"ರತ್ನಕ್ಕ, ಅವತ್ತು ನಾನು ಓದಬಾರದಾಗಿತ್ತು."

ಯಾವತ್ತು ಎಂದು ಅವಳು ಕೇಳಲಿಲ್ಲ. ರೊಟ್ಟಿ ತಿರುವುತ್ತಲೇ ನಕ್ಕಳು.

"ಇನ್ನೂ ಅದನ್ನ ಹೊತ್ಕಂಡು ತಿರುಗ್ತಿದ್ದೀಯಾ ನೀನು? ಬಿಡೇ. ಹನ್ನೊಂದು ವರ್ಷದ ಹುಡುಗಿ. ದೊಡ್ಡೋರೆಲ್ಲಾ ಸುತ್ತ ನಿಂತ್ಕಂಡು ಓದು ಅಂದ್ರೆ ಏನು ಮಾಡ್ತಿದ್ದಿ? ನಂಗೆ ಮೊದಮೊದಲು ಭಾಳ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಯೋಚ್ನೆ ಮಾಡ್ದೆ. ನಾನು ಬಾಗಿಲಾಗೆ ನಿಂತಿದ್ದೆ. ನೀನು ತಲೆ ಎತ್ತಿದಿ, ಬಿಸಿಲಿಗೆ ನಿಂಗೆ ನಾನು ಕಾಣ್ಲಿಲ್ಲ. ಕಂಡಿದ್ರೆ ನೀನು ಅಲ್ಲಿಗೇ ನಿಲ್ಲಿಸಿರ್ತಿದ್ದಿ. ಅಷ್ಟು ನಂಗೆ ಗೊತ್ತೈತೆ."

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಅವಳು ಬಟ್ಟೆಯಿಂದ ಒತ್ತಿ ಉಬ್ಬು ಇಳಿಸಿದಳು. ಆಗ ನಾನು ಸುಮ್ಮನಿರಬಹುದಿತ್ತು. ಹೂಂ ಅಕ್ಕ ಎಂದರೆ ಮುಗಿಯುತ್ತಿತ್ತು. ಈ ಸಲವೂ ನನ್ನನ್ನು ಹಿಡಿಯುವವರು, ತಿದ್ದುವವರು ಯಾರೂ ಇರಲಿಲ್ಲ. ನಿಜ ಹೇಳಿದರೆ ನನ್ನ ಎದೆ ಹಗುರಾಗುತ್ತದೆ ಎಂದುಕೊಂಡೆ. ನನ್ನ ಎದೆಯನ್ನಷ್ಟೇ ಯೋಚಿಸಿದೆ.

"ಕಂಡಿದ್ದಿ ಅಕ್ಕ" ಎಂದೆ. "ನಿನ್ನ ನೋಡೇ ಪುಟ ತಿರುವಿದೆ."

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂತು, ಅದನ್ನು ತೆಗೆದು ಪಕ್ಕಕ್ಕೆ ಹಾಕಿ, ಒಲೆ ಆರಿಸಿದಳು. ತಟ್ಟೆ ಇಟ್ಟಳು, ಬಡಿಸಿದಳು. ಪಲ್ಯ ಇನ್ನೊಂದಿಷ್ಟು ಹಾಕಲೇ ಎಂದು ಕೇಳಿದಳು. ನಾನು ಉಂಡೆ. ಕೈ ತೊಳೆಯಲು ನೀರು ಕೊಡುವಾಗ ಅವಳು ಕೇಳಿದಳು, ನನ್ನನ್ನು ಕೇಳಿದ ಹಾಗಿರಲಿಲ್ಲ:

"ಇದನ್ನ ಯಾಕೆ ಹೇಳಿದಿ ಲೀಲಿ? ಇಷ್ಟು ವರ್ಷ ಅದೊಂದನ್ನ ಹಿಡ್ಕಂಡೇ ನಿನ್ನನ್ನ ಮನೆಗೆ ಕರೀತಿದ್ದೆ ನಾನು."

ಸಂಜೆಯ ಬಸ್ಸಿಗೆ ಹೊರಟಾಗ ಅವಳು ಬಾಗಿಲ ತನಕ ಬಂದಳು. ಅಲ್ಲಿಂದ ಮುಂದೆ ಬರಲಿಲ್ಲ.